ಮೂರು ತಿಂಗಳ ಸಕ್ಕರೆ ಲೆಕ್ಕ: ಎಲ್ಲಿ ನಂಬಬೇಕು, ಎಲ್ಲಿ ಕೇಳಬೇಕು

ರಕ್ತಪರೀಕ್ಷೆಗೆ ಎರಡು ದಿನ ಮೊದಲು ಸಿಹಿ ಬಿಟ್ಟು, ವರದಿ ಚೆನ್ನಾಗಿ ಬಂತೆಂದು ಸಮಾಧಾನಪಡುವ ಹಿರಿಯರು ನಮ್ಮ ಮನೆಗಳಲ್ಲಿ ಕಡಿಮೆಯಿಲ್ಲ. ಎಚ್‌ಬಿಎ1ಸಿ ಪರೀಕ್ಷೆಯೆದುರು ಈ ಉಪಾಯ ಸಾಗದು. ರಕ್ತದ ಸಕ್ಕರೆಯು ಕೆಂಪುಕಣಗಳ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಅಂಟಿದ ಪ್ರಮಾಣವು ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುತ್ತದೆ. ಉಪವಾಸವೂ ಬೇಡ. ರೋಗನಿರ್ಣಯಕ್ಕೂ ಇದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಪ್ಪಿತು. ಶೇ 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ರೋಗಲಕ್ಷಣಗಳಿಲ್ಲದವರಲ್ಲಿ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸುವುದು ಕ್ರಮ.

ಆದರೆ ಈ ಲೆಕ್ಕವೆಲ್ಲ ಕೆಂಪುಕಣವು ತನ್ನ ಪೂರ್ಣ ಆಯುಸ್ಸು ಬದುಕುತ್ತದೆಂಬ ನಂಬಿಕೆಯ ಮೇಲೆ ನಿಂತಿದೆ. ಸಿಕಲ್ ಸೆಲ್ ರೋಗದಲ್ಲಿ ಕಣಗಳು ಬೇಗ ಒಡೆಯುತ್ತವೆ. ಸಕ್ಕರೆ ಅಂಟಲು ಕಾಲಾವಕಾಶವೇ ಸಿಗದೆ ಅಂಕಿ ಸುಳ್ಳಾಗಿ ತಗ್ಗುತ್ತದೆ. ಕಬ್ಬಿಣಾಂಶದ ಕೊರತೆಯಿದ್ದರೆ ಅದೇ ಅಂಕಿ ಇರುವುದಕ್ಕಿಂತ ಹೆಚ್ಚು ತೋರೀತು. ಇದು ನಮಗೆ ದೂರದ ಸಂಗತಿಯಲ್ಲ. ಭಾರತದಲ್ಲಿ ಸಿಕಲ್ ಸೆಲ್ ಮೊದಲು ವರದಿಯಾದದ್ದೇ 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ವಯನಾಡಿನಲ್ಲಿಯೂ ಅದು ಇದೆ.

ಗಡಿಯಾಚೆಯ ಆಸ್ಪತ್ರೆಯಲ್ಲಿ ವೈದ್ಯರ ಮಾತು ಮಲಯಾಳದಲ್ಲೋ ತಮಿಳಿನಲ್ಲೋ ಇರುವಾಗ, ಅಜ್ಜಿಗೆ ದುಭಾಷಿಯಾಗುವವರು ಶಾಲೆಗೆ ಹೋಗುವ ಮಕ್ಕಳೇ. ವೈದ್ಯರು ಹೇಳಿದ್ದನ್ನು ಕನ್ನಡಕ್ಕೆ ತರುವಷ್ಟೇ ಮುಖ್ಯ, ಮನೆಯ ಮಾತನ್ನು ಅವರಿಗೆ ಮುಟ್ಟಿಸುವುದು. ಕುಟುಂಬದಲ್ಲಿ ಸಿಕಲ್ ಸೆಲ್ ಇದ್ದರೆ, ರಕ್ತಹೀನತೆಯಿದ್ದರೆ, ಇತ್ತೀಚೆಗೆ ರಕ್ತ ಕೊಡಿಸಿದ್ದರೆ ಮೊದಲೇ ತಿಳಿಸಬೇಕು. ಆಗ ವೈದ್ಯರು ಖಾಲಿ ಹೊಟ್ಟೆಯ ಸಕ್ಕರೆಯನ್ನೂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರದ ಸಕ್ಕರೆಯನ್ನೂ ಅಳೆದು ನಿರ್ಧರಿಸುತ್ತಾರೆ.