ಎಡಗಾಲಿನ ಲೆಕ್ಕ

ಅಬುಧಾಬಿಗೆ ಸೇರಿದ ಅಲ್ ಐನ್‌ನ ಹಿಲಿ ಉದ್ಯಾನದಲ್ಲಿ ಗುಂಡನೆಯ ದೊಡ್ಡ ಕಲ್ಲುಗೋರಿಯೊಂದಿದೆ. ಅದೇ ಉದ್ಯಾನದ ಗುಂಡಿಯೊಂದರಲ್ಲೇ ಸುಮಾರು 4,000 ವರ್ಷ ಹಿಂದಿನ 600ಕ್ಕೂ ಹೆಚ್ಚು ಜನರ ಮೂಳೆಗಳು ಸಿಕ್ಕಿವೆ. ಹೀಗೆ ಕಲಸಿಹೋದ ರಾಶಿಯಲ್ಲಿ ಇಷ್ಟು ಜನರಿದ್ದರು ಎಂದು ಹೇಳುವುದು ಹೇಗೆ?

ಜಾತ್ರೆಯ ದಿನ ಗುಡಿಯ ಮುಂದೆ ಬಿದ್ದಿರುವ ಚಪ್ಪಲಿ ರಾಶಿಯನ್ನು ನೆನೆಸಿಕೊಳ್ಳಿ. ಎಲ್ಲವನ್ನೂ ಎಣಿಸಿ ಎರಡರಿಂದ ಭಾಗಿಸಿದರೆ ಲೆಕ್ಕ ತಪ್ಪುತ್ತದೆ. ಕೆಲವು ಒಂಟಿಯಾಗಿರುತ್ತವೆ, ಕೆಲವನ್ನು ನಾಯಿ ಕಚ್ಚಿಕೊಂಡು ಹೋಗಿರುತ್ತದೆ. ಎಡಗಾಲಿನವನ್ನಷ್ಟೇ ಎಣಿಸಿ. 80 ಸಿಕ್ಕರೆ ಕನಿಷ್ಠ 80 ಮಂದಿ ಬಂದದ್ದು ಖಂಡಿತ. ಮೂಳೆ ತಜ್ಞರು ಮಾಡುವುದೂ ಇದನ್ನೇ. ಹಿಮ್ಮಡಿಯಂಥ ಗಟ್ಟಿ ಮೂಳೆಯೊಂದನ್ನು ಆರಿಸಿ ಎಡದ್ದು, ಬಲದ್ದು ಬೇರೆ ಮಾಡುತ್ತಾರೆ. ಯಾವುದು ಹೆಚ್ಚೋ ಅದೇ ಕನಿಷ್ಠ ಸಂಖ್ಯೆ.

ಈ ನಾಡಿನ ಗೋರಿಗಳನ್ನು ಜಗತ್ತಿಗೆ ತೋರಿಸಿದವರಲ್ಲಿ ಒಬ್ಬರು ಪುರಾತತ್ವಜ್ಞ ಜೆಫ್ರಿ ಬಿಬಿ. ಎರಡನೇ ಮಹಾಯುದ್ಧದಲ್ಲಿ ಅವರು ಬ್ರಿಟಿಷ್ ಗುಪ್ತಚರ ಕೆಲಸದಲ್ಲಿದ್ದರು. ಯುದ್ಧ ಮುಗಿದ ಮೇಲೆ ತೈಲ ಕಂಪನಿಯ ನೌಕರಿಗೆಂದು ಬಹ್ರೇನ್‌ಗೆ ಹೋದರು. ಅಲ್ಲಿನ ಸಾವಿರಾರು ಸಮಾಧಿ ದಿಬ್ಬಗಳು ಅವರ ಮನಸ್ಸಿನಲ್ಲಿ ಕೂತುಬಿಟ್ಟವು. 1953ರಲ್ಲಿ ಪಿ. ವಿ. ಗ್ಲೋಬ್ ಅವರ ಡೇನಿಶ್ ತಂಡದೊಂದಿಗೆ ಮತ್ತೆ ಬಂದರು, ಈ ಸಲ ಅಗೆಯುವುದಕ್ಕೆ. 1958ರಲ್ಲಿ ತೈಲ ಕಂಪನಿಯ ಅಧಿಕಾರಿ ಟೆಂಪಲ್ ಹಿಲ್ಯಾರ್ಡ್, ಅಬುಧಾಬಿಗೆ ಅಂಟಿಕೊಂಡಂತಿರುವ ಉಮ್ಮ್ ಅನ್-ನಾರ್ ದ್ವೀಪದ ಕಲ್ಲುಗುಡ್ಡೆಗಳನ್ನು ಅವರಿಗೆ ತೋರಿಸಿದರು. ಮರುವರ್ಷ ಉತ್ಖನನ ಶುರುವಾಯಿತು. ಅದನ್ನು ನೋಡಲು ಬಂದ ಅಬುಧಾಬಿಯ ಆಗಿನ ದೊರೆ ಶೇಖ್ ಶಖ್ಬೂತ್, ಅಲ್ ಐನ್‌ನಲ್ಲೂ ಇಂಥವು ಇವೆ ಎಂದರು. ಹಿಲಿ ಬೆಳಕಿಗೆ ಬಂದದ್ದು ಹಾಗೆ.

ಯುದ್ಧ ಇನ್ನೊಂದು ದಾರಿಯಿಂದಲೂ ಮೂಳೆ ಓದುವ ಈ ವಿದ್ಯೆಯನ್ನು ಬೆಳೆಸಿತು. 1948ರಲ್ಲಿ ಮೂಳೆ ತಜ್ಞೆ ಮಿಲ್ಡ್ರೆಡ್ ಟ್ರಾಟರ್ ಹವಾಯಿಗೆ ಹೋಗಿ, ಆ ಯುದ್ಧದಲ್ಲಿ ಮಡಿದ ಅಮೆರಿಕನ್ ಸೈನಿಕರ ಕೈಕಾಲಿನ ಉದ್ದ ಮೂಳೆಗಳನ್ನು ಅಳೆದರು. ಸೇನೆಗೆ ಸೇರುವಾಗ ಬರೆದಿಟ್ಟ ಎತ್ತರದ ದಾಖಲೆ ಇದ್ದೇ ಇತ್ತು. ಎರಡನ್ನೂ ಹೊಂದಿಸಿ, ಗೋಲ್ಡಿನ್ ಗ್ಲೆಸರ್ ಜೊತೆ 1952ರಲ್ಲಿ ಸೂತ್ರಗಳನ್ನು ಪ್ರಕಟಿಸಿದರು. ತೊಡೆಮೂಳೆಯೊಂದರಿಂದ ಎತ್ತರ ಅಂದಾಜಿಸಲು ಇಂದಿಗೂ ಅವು ಬಳಕೆಯಲ್ಲಿವೆ.

ಲೆಕ್ಕ ಬಿಟ್ಟು ಊಹೆಗೆ ಇಳಿದರೆ ಏನಾಗುತ್ತದೆ ಎಂಬುದಕ್ಕೂ ಸೈನಿಕರೊಬ್ಬರೇ ಉದಾಹರಣೆ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಷ್ಟು ಅಚ್ಚುಕಟ್ಟಾಗಿ ಅಗೆದ ಬ್ರಿಗೇಡಿಯರ್ ಮಾರ್ಟಿಮರ್ ವ್ಹೀಲರ್, ಮೊಹೆಂಜೊದಾರೋದ ಅಸ್ಥಿಪಂಜರಗಳಲ್ಲಿ ಮಾತ್ರ ಆರ್ಯರ ಹತ್ಯಾಕಾಂಡ ಕಂಡರು. ಮುಂದೆ ಮೂಳೆ ತಜ್ಞ ಕೆನೆತ್ ಕೆನಡಿ ಆ ಮೂಳೆಗಳನ್ನು ಪರೀಕ್ಷಿಸಿದಾಗ ಆಯುಧದ ಗಾಯದ ಗುರುತು ಇದ್ದದ್ದು ಬೆರಳೆಣಿಕೆಯಷ್ಟರಲ್ಲಿ.

ಮೂಳೆಗಳು ಹತ್ಯೆಯ ಕಥೆಯನ್ನಷ್ಟೇ ಹೇಳುವುದಿಲ್ಲ. ದುಬೈಯಿಂದ ಈಶಾನ್ಯಕ್ಕೆ, ಪುರಾತತ್ವಜ್ಞ ಡೇನಿಯಲ್ ಪಾಟ್ಸ್ ಅಗೆದ ಟೆಲ್ ಅಬ್ರಕ್ ಗೋರಿಯಲ್ಲಿ ಸುಮಾರು 18 ವರ್ಷದ ಹುಡುಗಿಯೊಬ್ಬಳ ಅಸ್ಥಿಪಂಜರ ಸಿಕ್ಕಿತು. ಕೈಕಾಲಿನ ಮೂಳೆಗಳು ಕಡ್ಡಿಯಂತೆ ಸಣಕಲು. ಸ್ನಾಯು ಅಂಟಿಕೊಳ್ಳುವ ಜಾಗದಲ್ಲಿ ಉಬ್ಬೇ ಇಲ್ಲವೆನ್ನುವಷ್ಟು ಕಡಿಮೆ. ಬಹುಶಃ ಪೋಲಿಯೋ ಎನ್ನುತ್ತಾರೆ ಪರೀಕ್ಷಿಸಿದ ಡೆಬ್ರಾ ಮಾರ್ಟಿನ್. ಹಗಲೂ ರಾತ್ರಿ ಯಾರಾದರೂ ನೋಡಿಕೊಳ್ಳದೆ ಅವಳು ಆ ವಯಸ್ಸಿನವರೆಗೆ ಬದುಕುವಂತಿರಲಿಲ್ಲ. ಹಲ್ಲುಗಳು ಮಾತ್ರ ಹುಳುಕು ಹಿಡಿದಿದ್ದವು. ಮಗುವನ್ನು ಖುಷಿಯಾಗಿಡಲು ಮನೆಯವರು ಅಂಟಂಟು ಖರ್ಜೂರ ತಿನ್ನಿಸುತ್ತಿದ್ದಿರಬೇಕು ಎಂಬುದು ಮಾರ್ಟಿನ್ ಅವರ ಅಂದಾಜು.

ರಜೆಯಲ್ಲಿ ಅಲ್ ಐನ್‌ಗೆ ಹೋದರೆ ಹಿಲಿಯ ದೊಡ್ಡ ಗೋರಿಯ ಬಾಗಿಲಿನ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಎರಡು ಓರಿಕ್ಸ್ ಜಿಂಕೆಗಳ ನಡುವೆ ಇಬ್ಬರು ಕೈ ಹಿಡಿದು ನಿಂತಿರುವುದನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ.