ಎಡೆದೊರೆ ನಾಡಿನ ಮೊದಲ ದನಗಾಹಿಗಳು

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡಿನಲ್ಲಿ ಕ್ರಿ.ಪೂ. 3000ದ ಸುಮಾರಿಗೆ ದನ ಸಾಕುವ ಜನ ನೆಲೆಯೂರತೊಡಗಿದರು. ನವಶಿಲಾಯುಗದ ಈ ಜನರ ಕುರುಹುಗಳು ಮಸ್ಕಿಯ ಗುಡ್ಡದ ಬುಡದಲ್ಲೂ ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲೂ ದೊರೆತಿವೆ. ಮಸ್ಕಿಯಲ್ಲಿ ಬಿ. ಕೆ. ಥಾಪರ್ 1954ರಲ್ಲಿ ಉತ್ಖನನ ನಡೆಸಿದರು. ಪಿಕ್ಲಿಹಾಳದ ಉತ್ಖನನದ ವರದಿಯನ್ನು ಎಫ್. ಆರ್. ಆಲ್ಚಿನ್ 1960ರಲ್ಲಿ ಪ್ರಕಟಿಸಿದರು.

ಇದು ಮಳೆ ಕಡಿಮೆಯಿರುವ, ಬಂದರೂ ನಂಬುವಂತಿಲ್ಲದ ಸೀಮೆ. ಸಿಂಧನೂರಿನ ಎರೆಹೊಲಗಳಲ್ಲಿ ಇಂದು ಭತ್ತ ತೂಗುತ್ತಿರುವುದು ತುಂಗಭದ್ರಾ ಕಾಲುವೆಯಿಂದಾಗಿ. ಕಾಲುವೆಯೂ ಕಬ್ಬಿಣದ ನೇಗಿಲೂ ಇಲ್ಲದ ಕಾಲದಲ್ಲಿ ಆ ಜನ ಆರಿಸಿಕೊಂಡದ್ದು ಕಲ್ಲುಗುಡ್ಡಗಳನ್ನು. ಬಂಡೆಯ ಮೇಲೆ ಬಿದ್ದ ಮಳೆ ದೊಣೆಗಳಲ್ಲಿ ನಿಲ್ಲುತ್ತಿತ್ತು, ಉಳಿದದ್ದು ಬುಡದ ಮಣ್ಣಿಗೆ ಇಳಿಯುತ್ತಿತ್ತು. ಬಂಡೆಯ ಮರೆ ನೆರಳನ್ನೂ ಕೊಡುತ್ತಿತ್ತು. ಗುಡ್ಡದ ಬುಡದಲ್ಲಿ, ಇಳಿಜಾರಿನ ಸಮತಟ್ಟಿನಲ್ಲಿ ಕಂಬ ನೆಟ್ಟು, ತಟ್ಟಿ ಕಟ್ಟಿ, ಮಣ್ಣು ಮೆತ್ತಿದ ದುಂಡನೆಯ ಗುಡಿಸಲುಗಳಲ್ಲಿ ಅವರು ಬಾಳಿದರು. ತೀರಿಹೋದ ಎಳೆಗೂಸುಗಳನ್ನು ಮಡಕೆಯಲ್ಲಿಟ್ಟು ವಸತಿಯೊಳಗೇ ಹೂಳುತ್ತಿದ್ದರು.

ಅವರ ಬದುಕು ನಿಂತಿದ್ದು ದನಗಳ ಮೇಲೆ. ಇದನ್ನು ಹೇಳುವ ದೊಡ್ಡ ಸಾಕ್ಷಿ ಬೂದಿದಿಬ್ಬಗಳು. ಬಳ್ಳಾರಿ ಬಳಿಯ ಕುಡತಿನಿಯಿಂದ ಕೃಷ್ಣೆಯಾಚೆಗಿನ ಬೂದಿಹಾಳದವರೆಗೆ ಹರಡಿರುವ ಈ ದಿಬ್ಬಗಳನ್ನು ಜನ ರಾಕ್ಷಸರ ಚಿತೆಯ ಬೂದಿಯೆಂದು ನಂಬಿದ್ದರು. ಅದು ಸುಟ್ಟ ಸಗಣಿ ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ವಾದಿಸಿದ್ದರು. 1957ರಲ್ಲಿ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ ಆಲ್ಚಿನ್ ಅಗೆದಾಗ ಬೇಲಿಯ ಕಂಬಗಳ ಕುಳಿಗಳೂ ದನದ ಗೊರಸಿನ ಗುರುತುಗಳೂ ಕಂಡವು. ದಿಬ್ಬಗಳು ದನದ ದೊಡ್ಡಿಗಳಾಗಿದ್ದವು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ವರ್ಷಗಟ್ಟಲೆ ಒಟ್ಟಿದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಬಿದ್ದಿದೆ. ಕೆಲವೆಡೆ ಕಾವು ಎಷ್ಟಿತ್ತೆಂದರೆ ಬೂದಿಯೇ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಬೆಂಕಿ ಹಚ್ಚುತ್ತಿದ್ದುದು ಹಬ್ಬದ ಆಚರಣೆಯಾಗಿತ್ತೆಂದು ಆಲ್ಚಿನ್ ಭಾವಿಸಿದರು. ಪಿಕ್ಲಿಹಾಳದ ಬಂಡೆಗಳ ಮೇಲೆ ಡುಬ್ಬದ, ಉದ್ದ ಕೋಡಿನ ದನಗಳ ಚಿತ್ರಗಳನ್ನು ಕಲ್ಲಿನಿಂದ ಕುಟ್ಟಿ ಮೂಡಿಸಿದ್ದಾರೆ; ಆ ರೇಖೆಗಳನ್ನು ನೋಡಿದರೆ ದನ ಅವರಿಗೆ ಬರಿಯ ಆಹಾರವಾಗಿರಲಿಲ್ಲ ಎನಿಸುತ್ತದೆ.

ಕುರಿ, ಆಡುಗಳೂ ಇದ್ದವು. ಈ ಸೀಮೆಯ ನವಶಿಲಾಯುಗದ ನೆಲೆಗಳಲ್ಲಿ ಕರಕಲಾದ ಹುರುಳಿ, ಹೆಸರು, ಕೊರಲೆ ಕಾಳುಗಳು ದೊರೆತಿವೆ. ಎಲ್ಲವೂ ಮುಂಗಾರಿನ ಕೆಲವೇ ಮಳೆಗೆ ಕೈಗೆ ಬರುವ ಬೆಳೆಗಳು. ಇಂದು ಈ ನಾಡಿನ ರೊಟ್ಟಿಗೆ ಆಧಾರವಾದ ಜೋಳ ಆಗ ಇಲ್ಲಿರಲಿಲ್ಲ. ಅದು, ಸಜ್ಜೆಯ ಹಾಗೆಯೇ, ಆಫ್ರಿಕಾದಿಂದ ಆಮೇಲೆ ಬಂದದ್ದು. ಗಿಡಮರ ಕಡಿಯಲು ಕರಿಗಲ್ಲನ್ನು ಚಕ್ಕೆಯೆಬ್ಬಿಸಿ, ಬಂಡೆಗೆ ಉಜ್ಜಿ ನುಣುಪುಗೊಳಿಸಿದ ಕೊಡಲಿಗಳಿದ್ದವು. ಬಳ್ಳಾರಿಯ ಸಂಗನಕಲ್ಲಿನ ಗುಡ್ಡದಲ್ಲಿ ಇಂಥ ಕೊಡಲಿಗಳ ದೊಡ್ಡ ತಯಾರಿಕೆಯ ತಾಣವೇ ಇತ್ತು.

ಕ್ರಿ.ಪೂ. 1200ರ ಹೊತ್ತಿಗೆ ಕಬ್ಬಿಣ ಬಳಕೆಗೆ ಬರತೊಡಗಿತು. ದಿಬ್ಬಗಳ ಕಾಲ ಮುಗಿದಿತ್ತು. ಸತ್ತವರಿಗೆ ಕಲ್ಲುವೃತ್ತಗಳ ಸಮಾಧಿಗಳು ಎದ್ದವು. ಆದರೂ ಮಸ್ಕಿಯ ಗುಡ್ಡವನ್ನು ಜನ ಬಿಡಲಿಲ್ಲ. ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕ ತನ್ನ ಶಾಸನ ಕೆತ್ತಿಸಿದ್ದೂ, 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಅದನ್ನು ಕಂಡದ್ದೂ ಅಲ್ಲಿಯ ಬಂಡೆಯ ಮೇಲೆಯೇ.