ಕುಡಿಯುವ ನೀರಿಗೆ ಹೊಟ್ಟಿನ ಬೂದಿ

ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಬಾಯ್ಲರಿನಲ್ಲಿ ಉರಿದು ರಾಶಿ ರಾಶಿ ಬೂದಿಯಾಗುತ್ತದೆ. ಗಾಳಿ ಬೀಸಿದರೆ ಕಣ್ಣಿಗೆ ಬೀಳುವ ಈ ಬೂದಿಯಲ್ಲಿ ಶೇ 80ಕ್ಕೂ ಹೆಚ್ಚು ಸಿಲಿಕಾ. ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡನ್ನು ಇದರಿಂದ ತೆಗೆಯಬಹುದೇ ಎಂದು ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ.

ಈ ಪ್ರಶ್ನೆ ರಾಯಚೂರು ಜಿಲ್ಲೆಯದೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಪ್ಪುನೆಲದಲ್ಲಿ ನಿಂತು ಸಿಂಧನೂರು ಸೀಮೆಯ ಎಷ್ಟೋ ಹೊಲಗಳು ಸವಳಾಗಿವೆ. ಲಿಂಗಸುಗೂರು, ಮಸ್ಕಿ ಕಡೆ ತೊಂದರೆ ಇರುವುದು ಬಂಡೆಯಲ್ಲೇ. ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದ ಫ್ಲೋರೈಡ್ ನಿಧಾನವಾಗಿ ಕರಗಿ ಅಂತರ್ಜಲ ಸೇರುತ್ತದೆ.

ಸವಳು ನಾಲಿಗೆಗೆ ತಿಳಿಯುತ್ತದೆ, ಫ್ಲೋರೈಡ್ ತಿಳಿಯುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತದೆ, ದೊಡ್ಡವರ ಬೆನ್ನು, ಮೊಣಕಾಲು ಬಿಗಿಯುತ್ತವೆ. ಕುದಿಸಿದರೆ ಹೋದೀತು ಎಂದುಕೊಳ್ಳುವವರಿದ್ದಾರೆ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ.

ಬರೀ ಬೂದಿಯಿಂದ ಕೆಲಸವಾಗದು. ಸಿಲಿಕಾದ ಮೇಲ್ಮೈಯಲ್ಲಿ ಋಣ ವಿದ್ಯುದಂಶವಿದೆ, ಫ್ಲೋರೈಡಿನದೂ ಋಣವೇ. ಒಂದು ಇನ್ನೊಂದನ್ನು ದೂಡುತ್ತದೆ. ಅದಕ್ಕಾಗಿ ಬೂದಿಗೆ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಲೇಪ ಕೊಡುತ್ತಾರೆ. ಆಗ ಫ್ಲೋರೈಡ್ ಬಂದು ಕಣಗಳ ಮೈಗೆ ಅಂಟಿಕೊಳ್ಳುತ್ತದೆ. ಶೇಂಗಾ ಸಿಪ್ಪೆಯ ಇದ್ದಿಲು, ಹುಣಸೆ ಬೀಜಗಳ ಮೇಲೂ ಇಂಥ ಪ್ರಯೋಗಗಳಾಗಿವೆ. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳಿರುವ ಜಂಬಿಟ್ಟಿಗೆ ಆರ್ಸೆನಿಕ್ಕನ್ನೂ ಹಿಡಿಯುತ್ತದೆ. ಖರಗಪುರದ ಐಐಟಿ ಅದರಿಂದಲೇ ಫಿಲ್ಟರ್ ರೂಪಿಸಿದೆ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ಕೂ ಇರುವುದರಿಂದ, ಚಿನ್ನದ ಗಣಿಯಿರುವ ಹಟ್ಟಿ ಸೀಮೆಯವರು ಗಮನಿಸಬೇಕಾದ ಸಂಗತಿಯಿದು.

ಆದರೆ ಉಪ್ಪೆಲ್ಲ ಒಂದೇ ಅಲ್ಲ. ಸವಳಿಗೆ ಮುಖ್ಯ ಕಾರಣವಾದ ಸೋಡಿಯಂ, ಕ್ಲೋರೈಡುಗಳನ್ನು ಬೂದಿ, ಇದ್ದಿಲು ಹಿಡಿಯಲಾರವು. ಅದಕ್ಕೆ ಹಳ್ಳಿಗಳ ಶುದ್ಧ ನೀರಿನ ಘಟಕದಲ್ಲಿರುವ ಆರ್‌ಒ ಯಂತ್ರವೇ ಬೇಕು, ಇಲ್ಲವೇ ಮಳೆನೀರು. ಆರ್‌ಒ ಘಟಕಕ್ಕೆ ಕರೆಂಟು ಬೇಕು, ಒಂದು ಪಾಲು ನೀರು ಚರಂಡಿ ಪಾಲಾಗುತ್ತದೆ. ಫ್ಲೋರೈಡ್ ಒಂದೇ ಹೆಚ್ಚಿರುವ ಊರಿಗೆ ಅಷ್ಟು ದೊಡ್ಡ ಯಂತ್ರ ಅನಗತ್ಯ. ಅಲ್ಲಿ ಬೂದಿಯಂಥ ಅಗ್ಗದ ವಸ್ತುವಿಗೆ ಅವಕಾಶ ಸಿಗಲೇಬೇಕು. ಒಂದು ಎಚ್ಚರ: ಬೂದಿಯಲ್ಲಿ ಫ್ಲೋರೈಡ್ ತುಂಬಿಹೋದರೆ ಕಣ್ಣಿಗೆ ಕಾಣದು. ಸೋಸಿದ ನೀರನ್ನು ಆಗಾಗ ಪರೀಕ್ಷಿಸುತ್ತಿರಬೇಕು, ಹಳೆಯ ಬೂದಿಯನ್ನು ಬಾವಿಯ ಬಳಿ ಸುರಿಯಬಾರದು.

ಯಾವುದೇ ಫಿಲ್ಟರ್ ಕೊಳ್ಳುವ ಮೊದಲು ನಿಮ್ಮ ಕೊಳವೆಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು, ಅದರಲ್ಲಿ ಯಾವ ಲವಣ ಎಷ್ಟಿದೆ ಎಂದು ಬರೆಸಿಕೊಳ್ಳಿ.